ಕವುಚಿ ಮಲಗಿದ ಕಲ್ಲು ಮತ್ತು ಡ್ರಾಯಿಂಗ್ ಮಾಸ್ಟ್ರು

ಡ್ರಾಯಿಂಗ್ ಮಾಸ್ಟ್ರು ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ದುಃಖ ಆಮೇಲೆ ಬಂತು. ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಬನ್ನಿ, ತಪ್ಪಿಸಬೇಡಿ ಎಂದು ನನಗೆ ತಾಕೀತು ಮಾಡಿದ ಮನುಷ್ಯ, ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದು ಹೋಗಿಬಿಟ್ಟರು. ಹನ್ನೊಂದು ವರ್ಷ ನನ್ನ ಪ್ರಾಣ ತಿಂದ ಕೆಲಸ ಆ ಭಾನುವಾರ ಮುಗಿಯುವುದಿತ್ತು. ಇನ್ನೆರಡು ದಿನ ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ಬದುಕಿದ್ದಷ್ಟು ದಿನ ಯಾವ ಮದುವೆಗೂ ಮೀಟಿಂಗಿಗೂ ಸಮಯಕ್ಕೆ ಸರಿಯಾಗಿ ಬಾರದವರಿಗೆ ಇದೊಂದರಲ್ಲಿ ಮಾತ್ರ ಎಲ್ಲಿಲ್ಲದ ಅವಸರ.

ಕುಂದಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳುತ್ತಿದ್ದೆ, ಅವರು ಚಿತ್ರಕಲೆ ಕಲಿಸುತ್ತಿದ್ದರು. ಅವರ ಮನೆ ತಲ್ಲೂರು, ನನ್ನದು ಅಲ್ಲಿಂದ ಎರಡು ಮೈಲಿ. ಅವರಿಗೆ ಸೈಕಲ್ ಕೂಡ ಬಾರದು. ಹಾಗಾಗಿ ನನ್ನ ಸ್ಕೂಟರಿನ ಹಿಂದಿನ ಸೀಟು ಅವರ ಹೆಸರಿಗೆ ಪಹಣಿಯಾದಂತೆ ಇತ್ತು. ಕೂತರೆ ಸುಮ್ಮನೆ ಕೂರುವವರೂ ಅಲ್ಲ. ಮಳೆ ಬಂದರೆ ಹಿಂದೆ ಕೂತೇ ಕೊಡೆ ಬಿಚ್ಚುತ್ತಿದ್ದರು. ಮರವಂತೆಯ ಗಾಳಿಗೆ ಕೊಡೆ ಮೇಲ್ಮುಖವಾಗಿ, ಸ್ಕೂಟರ್ ಅರ್ಧ ರಸ್ತೆಗೆ ಹೋಗಿ, ಲಾರಿಯವರ ಬಾಯಲ್ಲಿ ನಾನು ಕೇಳಬಾರದ್ದನ್ನು ಕೇಳಿದ್ದೇನೆ. ಬೈಸಿಕೊಂಡವನು ನಾನು. ಅವರು ಹಿಂದಿನಿಂದ, "ಎಷ್ಟ್ ಚಂದ ಮಗ್ಚಿತ್ ಕಾಣಿ ಮರ್ರೆ, ಕೊಡಿ ಒಳ್ಗಿನ್ ಕಡ್ಡಿ ಎಲ್ಲಾ ಕಾಣ್ತ್" ಎನ್ನುತ್ತಿದ್ದರು.

ಮಗುಚಿ ನೋಡುವುದು ಅವರ ಹುಟ್ಟುರೋಗ. ಯಾವ ವಸ್ತು ಕೈಗೆ ಸಿಕ್ಕಿದರೂ ಅದರ ಹಿಂಬದಿ ನೋಡದೆ ಕೆಳಗಿಡುತ್ತಿರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಸ್ಟೀಲಿನ ಬಟ್ಟಲು ಮಗುಚಿ, ಅದನ್ನು ಯಾರು ಯಾರ ಮದುವೆಗೆ ಕೊಟ್ಟದ್ದೆಂದು ಓದುತ್ತಿದ್ದರು. ಒಮ್ಮೆ ಪಂಕ್ತಿಯಲ್ಲಿ ಬಾಳೆಲೆಯ ಅಂಚು ಎತ್ತಿ ಅಡಿಯ ನರ ನೋಡಲು ಹೋಗಿ, ಅವರ ಸಾರು ಪೂರ್ತಿ ನನ್ನ ಪಂಚೆಗೆ ಬಂತು. ನಮ್ಮ ಹೆಡ್‌ಮಾಸ್ಟ್ರು ನಿವೃತ್ತರಾದ ದಿನ ವೇದಿಕೆಯ ಮೇಲೆ ಕೊಟ್ಟ ನೆನಪಿನ ಕಾಣಿಕೆಯನ್ನು ಇವರು ಇಸಿದುಕೊಂಡು ಮಗುಚಿದರು. ಅಡಿಯಲ್ಲಿ ಒಂದು ಚೀಟಿ ಅಂಟಿಕೊಂಡಿತ್ತು. ಅದನ್ನು ಮೈಕಿನ ಮುಂದೆಯೇ ಗಟ್ಟಿಯಾಗಿ ಓದಿದರು: "ಕಬಡ್ಡಿ ಪಂದ್ಯ, ಸಮಾಧಾನಕರ ಬಹುಮಾನ." ಆ ಕಾಣಿಕೆಯನ್ನು ಪೇಟೆಯಿಂದ ತರುವ ಜವಾಬ್ದಾರಿ ನನ್ನದಾಗಿತ್ತು. ಹೆಡ್‌ಮಾಸ್ಟ್ರು ಇವತ್ತಿಗೂ ಎದುರು ಸಿಕ್ಕರೆ ನನ್ನ ಜೊತೆ ಮಾತಾಡುವುದಿಲ್ಲ.

ತರಗತಿಯಲ್ಲೂ ಅದೇ ಕತೆ. "ದನದ ಮುಖ ಎಲ್ಲರಿಗೂ ಗೊತ್ತಿತ್ತ್. ಬೆನ್ನ್ ಬದಿ ಬಿಡ್ಸಿ ಕಾಂಬ" ಎನ್ನುತ್ತಿದ್ದರು. ಇಲಾಖೆಯಿಂದ ತಪಾಸಣೆಗೆ ಬಂದ ಅಧಿಕಾರಿ ಚಿತ್ರದ ಕೋಣೆಯ ಬಾಗಿಲು ತೆಗೆದಾಗ ಗೋಡೆಯ ತುಂಬ ನಲವತ್ತು ದನಗಳ ಹಿಂಭಾಗ. ಆ ಅಧಿಕಾರಿಗೆ ಉತ್ತರ ಹೇಳಲು ಇವರು ಅಲ್ಲಿರಲಿಲ್ಲ, ಹೊರಗೆ ತೆಂಗಿನ ಮರದ ಕಟ್ಟೆಯಲ್ಲಿ ಬಿದ್ದ ಹಂಚಿನ ಚೂರನ್ನು ಮಗುಚಿ ನೋಡುತ್ತಿದ್ದರು. ಉತ್ತರ ಹೇಳಿದವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ಸಹಿಸಬಹುದಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಫೋಟೋ ಬಂತು. ಬ್ರಹ್ಮಾವರದ ಕಡೆಯ ಹುಡುಗಿಯೊಬ್ಬಳು ನಮ್ಮ ಶಾಲೆಯಲ್ಲಿ ಓದಿ, ನರ್ಸ್ ಆಗಿ ಐರ್ಲೆಂಡಿಗೆ ಹೋಗಿದ್ದಳು. ಅವಳು ಇರುವ ಊರಿನ ಹಳೆಯ ಸ್ಮಶಾನದಲ್ಲಿ ಒಂದು ಕಲ್ಲಿನ ಶಿಲುಬೆ ಬಿದ್ದಿದೆಯಂತೆ, ಅದರ ಚಿತ್ರವನ್ನು ಮಾಸ್ಟ್ರಿಗೆ ಕಳಿಸಿದ್ದಳು. ಹಸಿರು ಹುಲ್ಲಿನ ನಡುವೆ ಎರಡಾಳುದ್ದದ ಶಿಲುಬೆ. ತಲೆಯ ಸುತ್ತ ಕಲ್ಲಿನದೇ ಒಂದು ಬಳೆ, ಒಂದು ತೋಳು ಮುರಿದು ಪಕ್ಕದಲ್ಲಿ ಬಿದ್ದಿದೆ. ಮೈತುಂಬ ಹಗ್ಗ ಹೆಣೆದಂಥ ಕೆತ್ತನೆ, ನಡುನಡುವೆ ಚೌಕಗಳಲ್ಲಿ ಸಣ್ಣ ಸಣ್ಣ ಮನುಷ್ಯರು. ಸಾವಿರ ವರ್ಷಕ್ಕೂ ಹಳೆಯದು ಎಂದು ಬರೆದಿದ್ದಳು. ಮಳೆ ಹೊಡೆದು ಹೊಡೆದು ಆ ಮನುಷ್ಯರ ಮುಖಗಳೆಲ್ಲ ಬಳಸಿ ಉಳಿದ ಸಾಬೂನಿನ ಹಾಗೆ ಸವೆದಿದ್ದವು.

ಬೇರೆ ಯಾರಾದರೂ ಆಗಿದ್ದರೆ ಚಂದ ಉಂಟು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವರು ಕೇಳಿದ ಪ್ರಶ್ನೆ ಒಂದೇ: "ಅಡಿ ಬದಿಯಂಗೆ ಎಂತ ಇತ್ತ್?" ಪಾಪ, ಆ ಹುಡುಗಿ ತನ್ನ ರಜೆಯ ದಿನ ಹೋಗಿ ಅಲ್ಲಿ ಹುಲ್ಲು ಕತ್ತರಿಸುವ ಮುದುಕನನ್ನು ಕೇಳಿ ಬಂದಳು. ಬಿರುಗಾಳಿಗೆ ಬಿದ್ದದ್ದು, ಬಿದ್ದಲ್ಲೇ ಇದೆ, ಸರ್ಕಾರದ ಅಪ್ಪಣೆ ಇಲ್ಲದೆ ಮುಟ್ಟುವಂತಿಲ್ಲ, ಅಡಿಯ ಮುಖವನ್ನು ನನ್ನ ಅಜ್ಜನೂ ಕಂಡಿಲ್ಲ ಎಂದನಂತೆ ಅವನು. ಮಾಸ್ಟ್ರು ಆ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಮನೆಯಲ್ಲಿ ತೂಗು ಹಾಕಿದರು. ಮನೆಗೆ ಹೋದವರೆಲ್ಲರ ಹತ್ತಿರ, "ಮಳಿ ತಾಗದ್ ಮುಖ ಅಡಿಯಂಗಿತ್ತ್. ಕೆತ್ತಿದ್ ದಿನ ಹ್ಯಾಂಗಿತ್ತೋ ಹಾಂಗೇ ಇರತ್ತ್. ಅದನ್ ಬಿಟ್ ಸವ್ದ್ ಬದಿ ಕಾಂತಾ ಕೂತಿರ್" ಎಂದು ಐರ್ಲೆಂಡಿನ ಜನರನ್ನು ಬೈಯುತ್ತಿದ್ದರು.

ಅದಾಗಿ ಒಂದು ತಿಂಗಳಿಗೆ ಕಿರಿಮಂಜೇಶ್ವರದಲ್ಲಿ ಯಾರದೋ ಗೃಹಪ್ರವೇಶ. ಊಟ ಮುಗಿಸಿ ಕಡಲ ಬದಿಗೆ ನಡೆದೆವು. ದಾರಿಯಲ್ಲಿ ಒಂದು ಮೀನುಗಾರರ ಮನೆಯ ಅಂಗಳದಲ್ಲಿ, ತೆಂಗಿನ ಮರಗಳ ನಡುವೆ, ಮರಳಲ್ಲಿ ಅರ್ಧ ಹೂತ ಒಂದು ಉದ್ದನೆಯ ಕಲ್ಲು. ಅದರ ಮೇಲೆ ಸಿಗಡಿ ಒಣಗಲು ಹಾಕಿದ್ದರು. ನಾನು ಮೂಗು ಮುಚ್ಚಿಕೊಂಡು ದಾಟಿ ಹೋದೆ. ಹಿಂದಿನಿಂದ ಸದ್ದಿಲ್ಲ. ತಿರುಗಿ ನೋಡಿದರೆ ಮಾಸ್ಟ್ರು ಗೃಹಪ್ರವೇಶದ ಹೊಸ ಪಂಚೆಯಲ್ಲೇ ಮರಳಿನ ಮೇಲೆ ಮಂಡಿಯೂರಿದ್ದಾರೆ. ಕಲ್ಲಿನ ಬದಿಯಲ್ಲಿ, ಮರಳಿಗೆ ತಾಗುವಲ್ಲಿ, ಮಣಿ ಪೋಣಿಸಿದಂಥ ಒಂದು ಕೆತ್ತನೆಯ ಸಾಲು. ಅದು ವೀರಗಲ್ಲು, ಮುಖ ಅಡಿಯಾಗಿ ಬಿದ್ದದ್ದು. ನನ್ನ ಭಾನುವಾರಗಳು ಮುಗಿದವು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಆ ಮನೆ ಅಕ್ಕಣಿಯಮ್ಮನದು. ಬೈಂದೂರು ಪೇಟೆಯಲ್ಲಿ ಮೀನು ಮಾರಿ ಇಬ್ಬರು ಮಕ್ಕಳನ್ನು ಸಾಕಿದವರು. ಮಕ್ಕಳಿಬ್ಬರೂ ಬೋಟಿಗೆ ಹೋಗುತ್ತಾರೆ. ಕಲ್ಲನ್ನು ಒಮ್ಮೆ ಎತ್ತಿ ನೋಡಬಹುದೇ ಎಂದು ಇವರು ಕೇಳಿದಾಗ ಅವರು ಸಿಗಡಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ.

"ಅದ್ ಮಲ್ಗಿದ್ದ್ ಮಾಸ್ಟ್ರೇ. ಮಲ್ಗಿದ್ದನ್ ಎಬ್ಸುಕಾಗ."

"ಎಬ್ಸ್ರೆ ಎಂತ ಆತ್ತ್?"

"ಎದ್ರೆ ಉಂಬುಕೆ ಕೇಂತ್ತ್. ಒಂದ್ ವರ್ಷ ಕೊಟ್ರೆ ಎಲ್ಲಾ ವರ್ಷ ಕೊಡ್ಕ್. ಒಂದ್ ವರ್ಷ ತಪ್ರೆ? ನನ್ ಮಕ್ಳ್ ಇಪ್ದ್ ಕಡಲಂಗೆ."

ನಮ್ಮ ಕಡೆಯ ಲೆಕ್ಕ ಅದು. ಕೆತ್ತಿದ ಕಲ್ಲನ್ನು ಒಮ್ಮೆ ನಿಲ್ಲಿಸಿದರೆ ಅದು ಕಲ್ಲಾಗಿ ಉಳಿಯುವುದಿಲ್ಲ, ಜಟ್ಟಿಗನೋ ಮತ್ತೊಂದು ದೈವವೋ ಆಗುತ್ತದೆ. ವರ್ಷಕ್ಕೊಮ್ಮೆ ದೀಪ, ಹಣ್ಣುಕಾಯಿ, ಒಂದು ಎಳನೀರಿನ ಬೊಂಡ ಕೊಡಲೇಬೇಕು. ನಿಲ್ಲಿಸಿದವರೇ ನಡೆಸಬೇಕು, ಅವರ ನಂತರ ಅವರ ಕಡೆಯವರು. ಹಾಗಾಗಿ ಗದ್ದೆ ತೋಟಗಳಲ್ಲಿ ಬಿದ್ದ ಕಲ್ಲುಗಳನ್ನು ಯಾರೂ ಎತ್ತುವುದಿಲ್ಲ, ಸುತ್ತ ಬಳಸಿ ಉಳುತ್ತಾರೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ಮಕ್ಕಳನ್ನು ಕಡಲಿಗೆ ಕಳಿಸುವ ತಾಯಿಯ ಹತ್ತಿರ ವಾದ ಮಾಡುವಷ್ಟು ಮೂರ್ಖನೂ ಅಲ್ಲ. ಅಲ್ಲಿ ಸರ್ಕಾರದ ಅಪ್ಪಣೆ, ಇಲ್ಲಿ ಅಕ್ಕಣಿಯಮ್ಮನ ಅಪ್ಪಣೆ, ಎರಡೂ ಸಿಗುವುದಿಲ್ಲ, ಬಿಟ್ಟುಬಿಡಿ ಎಂದೆ. ಅವರು ಬಿಡಲಿಲ್ಲ.

ವರ್ಷಕ್ಕೆ ಮೂರು ನಾಲ್ಕು ಸಲ ಹೋದೆವು. ಪ್ರತಿಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಇವರು ವೀಳ್ಯದೆಲೆ ಒಯ್ಯುತ್ತಿದ್ದರು, ಅಕ್ಕಣಿಯಮ್ಮ ಇವರಿಗೆ ಕುರ್ಚಿ ಹಾಕುತ್ತಿದ್ದರು, ನನಗೆ ಮೀನಿನ ಪೆಟ್ಟಿಗೆ. ಒಂದು ಸಲ ಅಕ್ಕಣಿಯಮ್ಮ ಒಳಗೆ ಹೋದದ್ದೇ ತಡ, ಇವರು ತೆಂಗಿನ ಗೆರಟೆಯಲ್ಲಿ ಕಲ್ಲಿನ ಅಂಚಿನ ಮರಳು ತೋಡಿ, ಹೊಟ್ಟೆಯ ಮೇಲೆ ಮಲಗಿ, ತೋಳು ಪೂರ್ತಿ ಅಡಿಗೆ ತೂರಿಸಿದರು. ಮುಖ ನೋಡಬೇಕಿತ್ತು ಅವರದ್ದು.

"ಬೆರಳ್ ಸಿಕ್ತ್ ಮರ್ರೆ. ಕಾಲ್ ಬೆರಳ್. ಒಂದ್, ಎರಡ್... ನೀವೂ ಮುಟ್ಟಿ ಕಾಣಿ."

ಐವತ್ತು ದಾಟಿದ ನಾನು ಒಣಮೀನಿನ ವಾಸನೆಯಲ್ಲಿ ಮಲಗಿ ಕೈ ಹಾಕಿದೆ. ತಣ್ಣಗೆ, ಒರಟಾಗಿ ಏನೋ ತಾಗಿತು. ಬೆನ್ನು ನೋಯುತ್ತಿತ್ತು, ಇರುವೆ ಕಚ್ಚುತ್ತಿತ್ತು. "ಕಲ್ಲು" ಎಂದೆ. ಅಷ್ಟರಲ್ಲಿ ನಮ್ಮ ಕಾಲು ತಾಗಿ ಪಕ್ಕದ ಸಿಗಡಿ ಬುಟ್ಟಿ ಮಗುಚಿತು, ಅಕ್ಕಣಿಯಮ್ಮ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಹೊರಗೆ ಬಂದರು. ಅವತ್ತು ಮಧ್ಯಾಹ್ನದವರೆಗೆ ಸರ್ಕಾರಿ ಶಾಲೆಯ ಇಬ್ಬರು ಮಾಸ್ತರರು ಒಂದೊಂದೇ ಸಿಗಡಿ ಎತ್ತಿ ಮರಳು ಊದಿದೆವು. ಮಾಸ್ಟ್ರು ತಲ್ಲೂರಿನವರೆಗೆ ನನ್ನ ಜೊತೆ ಮಾತಾಡಲಿಲ್ಲ. ಬುಟ್ಟಿ ಮಗುಚಿದ್ದಕ್ಕಲ್ಲ, ನಾನು ಕಲ್ಲು ಎಂದದ್ದಕ್ಕೆ.

ಸಾಕಾಗಿ ಒಮ್ಮೆ, ಪುರಾತತ್ವ ಇಲಾಖೆಗೆ ಒಂದು ಅರ್ಜಿ ಗೀಚಿಬಿಡಿ, ಅವರೇ ಬಂದು ಎತ್ತುತ್ತಾರೆ ಎಂದೆ. "ಎತ್ತಿ ಕೊಂಡ್ಹೋತ್ರ್. ಗ್ವಾಡಿಗ್ ಆನ್ಸಿ ನಿಲ್ಸ್ತ್ರ್. ಮತ್ತೆ ಅದ್ರ ಬೆನ್ನ್ ಯಾರ್ ಕಾಂತ್ರ್? ಅಕ್ಕಣಿಯಮ್ಮ ಸಿಗಡಿ ಎಲ್ ಒಣಗ್ಸ್ತ್ರ್?" ಎಂದರು. ಇಂಥವರಿಗೆ ಏನು ಹೇಳುವುದು. ಇಬ್ಬರೂ ನಿವೃತ್ತರಾದೆವು. ಹೊಸ ಸ್ಕೂಟರ್ ಕೊಂಡೆ. ಅವರ ತಲೆಕೂದಲು ಪೂರ್ತಿ ಬೆಳ್ಳಗಾಯಿತು. "ನನ್ ಕಣ್ ಸಮಾ ಇಪ್ಪ ಹೊತ್ತಿಗೆ ಒಂದ್ಸಲ ಕಾಣ್ಕ್" ಎಂದು ಹೇಳುವುದು ಹೆಚ್ಚಾಯಿತು. ಮೊದಲು ತಮಾಷೆಯಲ್ಲಿ ಹೇಳುತ್ತಿದ್ದರು, ಕೊನೆಕೊನೆಗೆ ತಮಾಷೆ ಇರಲಿಲ್ಲ.

ಕಳೆದ ಸುಗ್ಗಿಯಲ್ಲಿ ಒಂದು ಮಂಗಳವಾರ ಅವರು ನನಗೆ ಹೇಳದೆ ಬಸ್ಸಿನಲ್ಲಿ ಕಿರಿಮಂಜೇಶ್ವರಕ್ಕೆ ಹೋಗಿಬಂದರು. ಸಂಜೆ ಫೋನು.

"ಒಪ್ಪಿರ್. ಆಯ್ತಾರ ಎಬ್ಸುದ್ ಅಂಬ್ರ್. ನೀವ್ ಬನಿ, ತಪ್ಸುಕಾಗ."

"ಹನ್ನೊಂದ್ ವರ್ಷ ಒಪ್ಪದ್ದವ್ರ್ ಈಗ ಹ್ಯಾಂಗ್ ಒಪ್ರ್?"

"ಅದ್ ಮತ್ತೆ ಹೇಳ್ತೆ" ಎಂದು ಫೋನ್ ಇಟ್ಟರು. ಆ ಧ್ವನಿ ನನಗೆ ಗೊತ್ತು, ಏನೋ ಎಡವಟ್ಟು ಮಾಡಿ ಬಚ್ಚಿಡುವಾಗಿನ ಧ್ವನಿ. ಶುಕ್ರವಾರ ಅವರು ಹೋದರು. ಅವತ್ತು ಸಂಜೆಯೇ ಸುಟ್ಟು ಬಂದೆವು. ಅಕ್ಕಣಿಯಮ್ಮನ ನಂಬರು ಅವರ ಫೋನಿನಲ್ಲಿತ್ತು, ಅದರ ಲಾಕು ತೆಗೆಯಲು ಅವರ ಹೆಂಡತಿಗೂ ಬರಲಿಲ್ಲ. ಹಾಗಾಗಿ ಭಾನುವಾರ, ಕಾಯಬೇಡಿ ಎಂದು ಹೇಳಿ ಬರಲು ನಾನೊಬ್ಬನೇ ಹೊರಟೆ. ಹಿಂದೆ ಭಾರವಿಲ್ಲದ ಸ್ಕೂಟರ್ ಗಾಳಿಗೆ ಓಲಾಡುತ್ತಿತ್ತು, ಅದಕ್ಕೂ ಅವರನ್ನೇ ಬೈದೆ.

ಅಂಗಳದಲ್ಲಿ ಎಲ್ಲ ತಯಾರಿತ್ತು. ಸಿಗಡಿ ತೆಗೆದು ಕಲ್ಲನ್ನು ತೊಳೆದಿದ್ದರು. ಅಕ್ಕಣಿಯಮ್ಮನ ಮಕ್ಕಳಿಬ್ಬರು, ಅಕ್ಕಪಕ್ಕದ ನಾಲ್ಕು ಗಂಡಸರು, ಬಲೆಯ ದಪ್ಪ ಹಗ್ಗ, ಬಿದಿರಿನ ಅಡ್ಡೆಗಳು, ಒಂದು ದೀಪ, ದಾಸವಾಳ, ಬೊಂಡ.

"ಮಾಸ್ಟ್ರ್ ಎಲ್ಲಿ?"

ಹೇಳಿದೆ. ಅಕ್ಕಣಿಯಮ್ಮ ನಿಂತಲ್ಲೇ ಮರಳಲ್ಲಿ ಕೂತರು. ನಾನೂ ಪಕ್ಕದಲ್ಲಿ ಮೀನಿನ ಪೆಟ್ಟಿಗೆಯ ಮೇಲೆ ಕೂತೆ. ಕೊನೆಗೆ ನಾನೇ ಎದ್ದೆ. "ನಾನ್ ಬತ್ತೆ ಹಾಂಗಾರೆ. ಕಲ್ಲ್ ಮಲ್ಕಣ್ಲಿ."

"ಎಂತಕ್ ಮಲ್ಕಣುದ್? ನೀವಿದ್ರಿ ಅಲ್ದಾ."

"ನಾನೆಂತಕ್ಕೆ?"

"ಮಂಗ್ಳಾರ ಬಂದ್, ವರ್ಷ ವರ್ಷ ನಾನೇ ಕೊಡ್ತೆ ಅಂದ್ರ್. ನೀವ್ ಹೋದ್ ಮೇಲೆ ಯಾರ್ ನಡ್ಸುದ್, ನಿಮ್ಗ್ ಮಕ್ಳಿಲ್ಲ ಅಲ್ದಾ ಅಂದೆ. ಸೈನ್ಸ್ ಮಾಸ್ಟ್ರಿದ್ರ್ ಅಂದ್ರ್. ಅವ್ರ್ ಒಪ್ತ್ರಾ ಕೇಂಡೆ. ಅವ್ರ್ ಬೈತ್ರ್, ಆದ್ರೆ ಬತ್ರ್ ಅಂದ್ರ್."

ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೊಡೆ, ಸಾರು, ಕಬಡ್ಡಿ, ಸಿಗಡಿ, ಎಲ್ಲ ಹೊತ್ತವನ ತಲೆಯ ಮೇಲೆ ಕೊನೆಗೆ ಒಂದು ಕಲ್ಲನ್ನೂ ಹೊರಿಸಿ ಹೋಗಿದ್ದರು. ಸತ್ತವರ ಮೇಲೆ ಕೂಗಾಡಲು ಆಗುವುದಿಲ್ಲ, ಹಾಗಾಗಿ ಅಕ್ಕಣಿಯಮ್ಮನ ಮೇಲೆ ಕೂಗಾಡಿದೆ. ಮೂವತ್ತು ವರ್ಷ ಮಕ್ಕಳಿಗೆ ಕಲ್ಲಿಗೆ ಜೀವ ಇಲ್ಲ ಎಂದು ಪಾಠ ಹೇಳಿದವನು ನಾನು, ವರ್ಷ ವರ್ಷ ಕಲ್ಲಿಗೆ ಬೊಂಡ ಕುಡಿಸಲು ನನ್ನಿಂದ ಆಗುವುದಿಲ್ಲ, ಅವರು ಯಾರ ಅಪ್ಪಣೆ ಕೇಳಿ ನನ್ನ ಹೆಸರು ಕೊಟ್ಟರು ಎಂದೆ. ಅಕ್ಕಣಿಯಮ್ಮ ಎಲ್ಲವನ್ನೂ ಸಮಾಧಾನದಲ್ಲಿ ಕೇಳಿದರು.

"ಹಾಂಗಾರೆ ಬೇಡ" ಎಂದು ಮಕ್ಕಳ ಕಡೆ ತಿರುಗಿದರು. "ಹಗ್ಗ ಸುತ್ತಿ ಒಳ್ಗ್ ಇಡಿ."

ಹಿರಿಯ ಮಗ ಹಗ್ಗ ಸುತ್ತತೊಡಗಿದ. ನಾಲ್ಕು ಗಂಡಸರು ಮನೆಗೆ ಹೊರಡಲು ಅಡ್ಡೆ ಹೆಗಲಿಗೇರಿಸಿದರು. ಇನ್ನು ಈ ಕಲ್ಲನ್ನು ಯಾರೂ ಎತ್ತುವುದಿಲ್ಲ, ಕೇಳಲು ಬರುವವರೂ ಇಲ್ಲ. ಹಗ್ಗ ಮೂರು ಸುತ್ತು ಆಗುವವರೆಗೆ ನೋಡಿದೆ.

"ಸುತ್ತುದ್ ನಿಲ್ಸಿ" ಎಂದೆ. "ಎಬ್ಸಿ."

ಒಂದು ಗಂಟೆ ಹಿಡಿಯಿತು. ಕಲ್ಲು ಎದ್ದು ನಿಂತಾಗ ಮುಖದಿಂದ ಒದ್ದೆ ಮರಳು ದಪ್ಪ ದಪ್ಪವಾಗಿ ಉದುರಿತು. ಅಕ್ಕಣಿಯಮ್ಮ ಎರಡು ಕೊಡ ನೀರು ಹೊಯ್ದರು. ಕೆಳಗಿನ ಚೌಕದಲ್ಲಿ ಕತ್ತಿ ಗುರಾಣಿ ಹಿಡಿದ ಒಬ್ಬ ಮನುಷ್ಯ, ಬಲಗಾಲು ಮುಂದಿಟ್ಟಿದ್ದಾನೆ. ಕಿವಿಯ ಓಲೆ, ಸೊಂಟದ ಪಟ್ಟಿ, ಎಲ್ಲವೂ ನಿನ್ನೆ ಕೆತ್ತಿದಷ್ಟು ಸ್ಪಷ್ಟ. ಕಾಲಿನ ಐದು ಬೆರಳೂ ಇದ್ದವು. ನಾನು ಅದನ್ನು ಕಲ್ಲು ಎಂದಿದ್ದೆ.

ಅದರ ಮೇಲಿನ ಚೌಕದಲ್ಲಿ ಕೆತ್ತನೆ ಇರಲಿಲ್ಲ, ಬರೀ ಗೆರೆ ಇತ್ತು. ಸತ್ತ ವೀರನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಮೇಲಕ್ಕೆ ಒಯ್ಯುವ ಚಿತ್ರ. ಉಳಿಯ ತುದಿಯಲ್ಲಿ ಎಳೆದ ತೆಳು ಗೆರೆಗಳಷ್ಟೇ, ಕಣ್ಣು ಮೂಗು ಇಲ್ಲ. ಒಬ್ಬಳ ತೋಳನ್ನು ಶಿಲ್ಪಿ ಮೊದಲು ತಪ್ಪಾಗಿ ಎಳೆದು, ಪಕ್ಕದಲ್ಲೇ ಇನ್ನೊಂದು ಗೆರೆಯಲ್ಲಿ ಸರಿ ಮಾಡಿದ್ದ. ಅದರ ಮೇಲಿನ ಚೌಕ ಪೂರ್ತಿ ಖಾಲಿ, ನುಣ್ಣಗೆ ತಿಕ್ಕಿಟ್ಟದ್ದು ಮಾತ್ರ. ಕೆತ್ತುವವನು ಅರ್ಧಕ್ಕೆ ಬಿಟ್ಟು ಹೋಗಿದ್ದ. ಈ ಕಲ್ಲು ಯಾವತ್ತೂ ಬಿದ್ದದ್ದಲ್ಲ, ಏಕೆಂದರೆ ಯಾವತ್ತೂ ನಿಂತದ್ದೇ ಅಲ್ಲ.

ಒಬ್ಬ ಡ್ರಾಯಿಂಗ್ ಮಾಸ್ಟ್ರಿಗೆ ಇದಕ್ಕಿಂತ ಹೆಚ್ಚಿನದು ಏನು ಸಿಕ್ಕೀತು? ನೂರಾರು ವರ್ಷದ ಹಿಂದೆ ಯಾವನೋ ಕೈತಪ್ಪಿ ಎಳೆದ ಗೆರೆ, ಅದನ್ನು ಅವನೇ ತಿದ್ದಿದ ಇನ್ನೊಂದು ಗೆರೆ. ಅದನ್ನು ಕಂಡು ಕುಣಿಯಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಬೂದಿಯಾಗಿದ್ದರು. ನೋಡಲು ಉಳಿದವನು, ಹೃದಯದ ಚಿತ್ರ ಬಿಡಿಸಿದರೆ ಮಕ್ಕಳು ಹಲಸಿನಕಾಯಿ ಎನ್ನುತ್ತಿದ್ದ ನಾನು. ನನಗೆ ಅಳು ಬಂತು. ಅಷ್ಟು ಜನ ಗಂಡಸರ ಎದುರು ನಾಚಿಕೆಯಿಲ್ಲದೆ ಅತ್ತೆ, ಅಳುತ್ತಲೇ ಅವರನ್ನು ಬೈದೆ.

ಅಕ್ಕಣಿಯಮ್ಮ ಸೊಂಟದ ಮೇಲೆ ಕೈಯಿಟ್ಟು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ದೀಪವನ್ನು ಹಚ್ಚದೆ ಬದಿಗಿಟ್ಟರು.

"ಇದ್ ಅರ್ಧ ಕೆಲ್ಸ ಆದ್ದ್. ಅರ್ಧ ಆದ್ದಕ್ಕೆ ಕೊಡುದ್ ಬೇಡ ಮಾಸ್ಟ್ರೇ. ಇದ್ ದೈವ ಆಯ್ಲ. ನೀವ್ ಬಪ್ದ್ ಬೇಡ."

ಬಿಡುಗಡೆ ಸಿಕ್ಕಿತ್ತು. ನ್ಯಾಯವಾಗಿ ನಾನು ಸ್ಕೂಟರ್ ಹತ್ತಿ ಮನೆಗೆ ಹೋಗಬೇಕಿತ್ತು. ಹತ್ತಿದೆ ಕೂಡ. ಕೀ ತಿರುಗಿಸಿ, ಮತ್ತೆ ಆರಿಸಿದೆ.

"ಬಪ್ಪು ವರ್ಷ ಯಾವ್ ದಿನ?"

"ಕಲ್ಲಿಗ್ ಬೇಡ ಅಂದೆ ಅಲ್ದಾ."

"ಕಲ್ಲಿಗಲ್ಲ."

ಅಕ್ಕಣಿಯಮ್ಮ ನನ್ನನ್ನು ಒಂದು ಗಳಿಗೆ ನೋಡಿದರು.

"ಸುಗ್ಗಿ ಹುಣ್ಮಿ ಕಳ್ದ್ ಬಪ್ಪ್ ಆಯ್ತಾರ" ಎಂದರು. "ಬೊಂಡ ನೀವೇ ತಕಬನಿ. ನಮ್ಮ್ ಮರದ್ದ್ ಸಣ್ದ್, ನಿಮ್ಮ್ ಮಾಸ್ಟ್ರಿಗ್ ಸಾಕಾತಿಲ್ಲ."